ನಮ್ಮೂರ ಬ್ಯಾಂಡ್‌ಗಳಿಗೊಂದು ಬಯಲು ವೇದಿಕೆ: ಅರ್ಜಿ, ಅರ್ಥಿಂಗ್, ಲೆಕ್ಕ ಎಲ್ಲ ಸೇರಿ

ಫೆಬ್ರವರಿ ಮೊದಲ ವಾರ ನಾವು ಡಿಗ್ರಿ ವಿದ್ಯಾರ್ಥಿಗಳು ಸೇರಿ ಮೈಸೂರಿನ ರಿಂಗ್ ರೋಡ್ ಪಕ್ಕದ ಒಂದು ಮೈದಾನದಲ್ಲಿ ಸಂಗೀತ ಸಂಜೆ ನಡೆಸಿದೆವು. ನಾಲ್ಕು ಬ್ಯಾಂಡ್, ಒಂದು ಕಂಸಾಳೆ ತಂಡ. ಎಲ್ಲರೂ ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯವರು. ಬಿಲ್ಲುಗಳೆಲ್ಲ ಮುಗಿದು, ಮೈದಾನದ ಡೆಪಾಸಿಟ್ ವಾಪಸ್ ಬಂದಿದ್ದು ಮೊನ್ನೆ. ಶುರು ಮಾಡುವಾಗ ನಮಗೆ ದಾರಿ ಹೇಳುವವರು ಒಬ್ಬರೂ ಸಿಗಲಿಲ್ಲ. ಯಾರನ್ನು ಕೇಳಿದರೂ "ಪೊಲೀಸ್ ಪರ್ಮಿಷನ್ ತಗೊಂಡ್ರೆ ಆಯ್ತು" ಅನ್ನುತ್ತಿದ್ದರು. ಅಷ್ಟಕ್ಕೇ ಆಗುವುದಿಲ್ಲ. ಮುಂದೆ ಮಾಡುವವರಿಗೆ ಅನುಕೂಲ ಆಗಲಿ ಎಂದು ನಡೆದಿದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಯಾಕೆ ಮಾಡಿದೆವು ಅನ್ನುವುದನ್ನು ಮೊದಲು ಹೇಳಬೇಕು. ಕಾಲೇಜು ಫೆಸ್ಟ್‌ಗಳಲ್ಲಿ ಬ್ಯಾಂಡ್‌ಗಳ ಪಾಡು ನಿಮಗೂ ಗೊತ್ತು ಅಲ್ವಾ? ಸ್ಪರ್ಧೆ ಅಂತ ಕರೆದು ಮಧ್ಯಾಹ್ನದ ಬಿಸಿಲಲ್ಲಿ ಹದಿನೈದು ನಿಮಿಷ ಕೊಡುತ್ತಾರೆ. ಆ ಹದಿನೈದರಲ್ಲೇ ವೈರ್ ಚುಚ್ಚಬೇಕು, ಟ್ಯೂನ್ ಮಾಡಬೇಕು, ಹಾಡಬೇಕು. ಮಾನಿಟರ್ ಸ್ಪೀಕರ್ ಇರುವುದಿಲ್ಲ. ಹಾಡುವವರಿಗೆ ತಮ್ಮ ದನಿಯೇ ಕೇಳಿಸುವುದಿಲ್ಲ. ಸಂಜೆ ಹೊರಗಿನಿಂದ ಬರುವ ಹೆಸರುವಾಸಿ ಗಾಯಕರಿಗೆ ಬಜೆಟ್ಟಿನ ಮುಕ್ಕಾಲು ಭಾಗ ಹೋಗುತ್ತದೆ. ಅದೇ ವೇದಿಕೆ, ಅದೇ ದಿನ, ಆದರೆ ನಮ್ಮ ಹುಡುಗರಿಗೆ ಒಳ್ಳೆಯ ಸೌಂಡ್ ಇಲ್ಲ, ದುಡ್ಡೂ ಇಲ್ಲ. ರಘು ದೀಕ್ಷಿತ್ ಬೆಳೆದ ಊರು ಇದು. ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ದಸರಾ ಸಮಯದ ಯುವ ಸಂಭ್ರಮಕ್ಕೆ ಎಲ್ಲೆಲ್ಲಿಂದಲೋ ಕಾಲೇಜು ಮಕ್ಕಳು ಬಂದು ಕುಣಿಯುತ್ತಾರೆ. ಇಷ್ಟೆಲ್ಲ ಇದ್ದೂ ಸ್ವಂತ ಹಾಡು ಕಟ್ಟುವ ಹುಡುಗ ಹುಡುಗಿಯರಿಗೆ ಒಂದು ಪೂರ್ತಿ ಸಂಜೆ ಸಿಗುತ್ತಿರಲಿಲ್ಲ.

ಹಾಗಾಗಿ ಎರಡು ವಿಷಯ ಮೊದಲೇ ತೀರ್ಮಾನ ಮಾಡಿಕೊಂಡೆವು. ಪ್ರತಿ ತಂಡಕ್ಕೂ ನಲವತ್ತು ನಿಮಿಷ ಮತ್ತು ಸರಿಯಾದ ಸೌಂಡ್. ಪ್ರತಿ ತಂಡಕ್ಕೂ ಸಂಭಾವನೆ. ಆಮೇಲೆ ಎಲ್ಲಿ ಖರ್ಚು ಕಡಿಮೆ ಮಾಡೋಣ ಅನ್ನುವ ಮಾತು ಬಂದಾಗಲೆಲ್ಲ ಈ ಎರಡನ್ನು ಮುಟ್ಟಲಿಲ್ಲ. ಹೂವಿನ ಅಲಂಕಾರ ಹೋಯಿತು, ಎಲ್‌ಇಡಿ ಪರದೆ ಹೋಯಿತು, ಅತಿಥಿಗಳಿಗೆ ಶಾಲು, ಹಾರ, ಫಲಪುಷ್ಪ ಹೋಯಿತು.

ಮೊದಲ ಪೆಟ್ಟು ಬಿದ್ದಿದ್ದು ಜಾಗದ ವಿಷಯದಲ್ಲಿ. ಕಾಲೇಜಿನ ಮೈದಾನದಲ್ಲೇ ಮಾಡೋಣ ಅಂದುಕೊಂಡಿದ್ದೆವು. ಪ್ರಿನ್ಸಿಪಾಲ್ ಮೇಡಂ ಒಪ್ಪಿದರು, ಪತ್ರವನ್ನೂ ಕೊಟ್ಟರು. ಅದನ್ನು ಹಿಡಿದು ಠಾಣೆಗೆ ಹೋದರೆ ಅಲ್ಲಿದ್ದ ರೈಟರ್ ಕೇಳಿದ ಮೊದಲ ಪ್ರಶ್ನೆ: "ಪಕ್ಕದಲ್ಲೇ ನರ್ಸಿಂಗ್ ಹೋಂ ಇದೆ, ಅವರನ್ನ ಕೇಳಿದ್ದೀರೇನಮ್ಮ?" ಶಬ್ದ ಮಾಲಿನ್ಯದ ನಿಯಮ 2000ರದ್ದು. ಆಸ್ಪತ್ರೆ, ಶಾಲೆ ಕಾಲೇಜು, ಕೋರ್ಟು ಇವುಗಳ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ಅಂಥ ಕಡೆ ಹಗಲಲ್ಲಿ 50 ಡೆಸಿಬಲ್, ರಾತ್ರಿ 40 ಡೆಸಿಬಲ್ ಮಿತಿ. ಇಬ್ಬರು ಎದುರುಬದುರು ಕೂತು ಮಾತಾಡಿದರೇ ಸುಲಭವಾಗಿ 50 ದಾಟುತ್ತದೆ. ಡ್ರಮ್ಸ್ ಬಾರಿಸುವ ಮಾತೇ ಇಲ್ಲ. ಅವತ್ತು ಠಾಣೆಯ ಮೆಟ್ಟಿಲಿಳಿಯುವಾಗ ಎಲ್ಲರ ಮುಖವೂ ಸಪ್ಪಗಾಗಿತ್ತು. ಆದರೆ ಆ ರೈಟರ್ ಅದನ್ನು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಪೋಸ್ಟರ್ ಅಂಟಿಸಿದ ಮೇಲೆ ಗೊತ್ತಾಗಿದ್ದರೆ ಕಥೆ ಮುಗಿಯುತ್ತಿತ್ತು.

ಆಮೇಲೆ ಜಾಗ ಹುಡುಕುವ ಕೆಲಸ. ಯುವ ದಸರಾವೇ ಮಹಾರಾಜ ಕಾಲೇಜು ಮೈದಾನ ಬಿಟ್ಟು 2024ರಲ್ಲಿ ಉತ್ತನಹಳ್ಳಿ ಹತ್ತಿರ ರಿಂಗ್ ರೋಡ್ ಪಕ್ಕಕ್ಕೆ ಹೋಗಿತ್ತಲ್ಲ, ನಾವೂ ಆ ಕಡೆಯೇ ನೋಡೋಣ ಅನ್ನಿಸಿತು. ಎರಡು ಸ್ಕೂಟರ್‌ನಲ್ಲಿ ರಿಂಗ್ ರೋಡ್ ಸುತ್ತಿದೆವು. ಒಂದು ಖಾಸಗಿ ಟ್ರಸ್ಟ್‌ನ ಮೈದಾನ ಹಿಡಿಸಿತು. ಸುತ್ತ ಕಾಂಪೌಂಡ್, ಎರಡು ಗೇಟು, ಒಂದು ಪಕ್ಕಕ್ಕೆ ಹೊಸ ಲೇಔಟ್‌ನ ಮನೆಗಳು, ಇನ್ನೊಂದು ಪಕ್ಕಕ್ಕೆ ಖಾಲಿ ಹೊಲ. ಬಾಡಿಗೆ ₹20,000, ಡೆಪಾಸಿಟ್ ₹15,000. ಜಾಗ ನೋಡಲು ಹೋಗುವವರು ಗೇಟು ಎಣಿಸುವುದನ್ನು ಮರೆಯಬೇಡಿ. ಎಷ್ಟೇ ಚೆನ್ನಾಗಿರಲಿ, ಒಂದೇ ಗೇಟು ಇದ್ದರೆ ಆ ಜಾಗ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜಾಗ ಬದಲಾದರೆ ಠಾಣೆಯೂ ಬದಲು. ಹೊಸ ಠಾಣೆ, ಹೊಸ ಇನ್ಸ್‌ಪೆಕ್ಟರ್, ಮತ್ತೆ ಮೊದಲಿನಿಂದ. ಧ್ವನಿವರ್ಧಕದ ಅನುಮತಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದೆವು. ಆನ್‌ಲೈನ್ ಹಾಕಿದರೂ ಕಾಗದ ಹಿಡಿದು ಓಡಾಡುವುದು ತಪ್ಪಲಿಲ್ಲ. ನಮ್ಮನ್ನು ಕೇಳಿದ್ದು ಇವು: ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಮನವಿ, ಮೈದಾನದ ಮಾಲೀಕರ ಒಪ್ಪಿಗೆ ಪತ್ರ, ಜೊತೆಗೆ ಖಾತೆಯ ಪ್ರತಿ, ವೇದಿಕೆ ಎಲ್ಲಿ, ಗೇಟು ಎಲ್ಲಿ, ಪಾರ್ಕಿಂಗ್ ಎಲ್ಲಿ ಎಂದು ತೋರಿಸುವ ನಕ್ಷೆ, ಎಷ್ಟು ಜನ ಬರುತ್ತಾರೆ ಎಂಬ ಲೆಕ್ಕ, ಹೊಣೆ ಹೊರುವ ಇಬ್ಬರ ಆಧಾರ್, ಇ-ಸ್ಟಾಂಪ್ ಕಾಗದದ ಮೇಲೆ ಮುಚ್ಚಳಿಕೆ. ಹೊಣೆ ಹೊರುವವರಲ್ಲಿ ಒಬ್ಬರಾದರೂ ಉಪನ್ಯಾಸಕರು ಇರಬೇಕು ಅಂದರು. ನಮ್ಮ ಕಾಮರ್ಸ್ ಮೇಷ್ಟ್ರು ಮರುಮಾತಿಲ್ಲದೆ ಸಹಿ ಹಾಕಿದರು. ಇನ್ನೊಂದು ಸಹಿ ನನ್ನದು. ಮನೆಯಲ್ಲಿ ಅಪ್ಪ ಆ ಮುಚ್ಚಳಿಕೆಯನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತರು. "ಏನಾದ್ರೂ ಆದ್ರೆ ನಿನ್ನ ಹೆಸರೇ ಬರತ್ತಲ್ಲಮ್ಮ" ಅಂದರು. ಹೌದು ಅಂದೆ. ಬೇರೆ ಏನು ಹೇಳಲಿ? ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇನ್ಸ್‌ಪೆಕ್ಟರ್ ಸಾಹೇಬರು ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಮೊದಲು ಬೆರಳಿಟ್ಟಿದ್ದು ಗೇಟಿನ ಮೇಲೆ. 2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾಲಯದಲ್ಲಿ ಏನಾಯಿತು ಗೊತ್ತಾ ಎಂದು ಕೇಳಿದರು. ಅದೂ ವಿದ್ಯಾರ್ಥಿಗಳೇ ನಡೆಸಿದ ಫೆಸ್ಟು, ಅದೂ ಬಯಲು ರಂಗಮಂದಿರ. ಮಳೆ ಬಂತು, ಹೊರಗಿದ್ದವರು ಒಮ್ಮೆಲೇ ಒಳಗೆ ನುಗ್ಗಿದರು, ಇಳಿಜಾರಿನ ಮೆಟ್ಟಿಲ ಮೇಲೆ ಬಿದ್ದು ನಾಲ್ವರು ಸತ್ತರು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತಿದ್ದು ನಮಗೆಲ್ಲ ನೆನಪಿತ್ತು. ಎರಡು ಕಡೆಯೂ ಜನ ಸತ್ತಿದ್ದು ಗೇಟಿನ ಹತ್ತಿರ. "ನಿಮ್ಮ ಹಾಡು ಹೆಂಗಿರತ್ತೋ ನಂಗೆ ಬೇಡಮ್ಮ, ಗೇಟ್ ಹೆಂಗಿರತ್ತೆ ಹೇಳು" ಅಂದರು. ಅವತ್ತು ಅವರು ಸ್ವಲ್ಪ ಗದರಿದರು ಅನ್ನಿಸಿತ್ತು. ಈಗ ಯೋಚಿಸಿದರೆ ಆ ಪ್ರಶ್ನೆಯಿಂದಲೇ ನಮ್ಮ ಅರ್ಧ ಯೋಜನೆ ತಿದ್ದಿಕೊಂಡಿತು. ಒಳಗೆ ಬರಲು ಒಂದು ಗೇಟು, ಹೊರಗೆ ಹೋಗಲು ಇನ್ನೊಂದು. ಹೊರಹೋಗುವ ಗೇಟಿಗೆ ಬೀಗ ಹಾಕುವ ಹಾಗಿಲ್ಲ, ಅದರ ಮುಂದೆ ಅಂಗಡಿಯೂ ಬೈಕೂ ನಿಲ್ಲುವ ಹಾಗಿಲ್ಲ. ಗೇಟಿನಲ್ಲಿ ಟಿಕೆಟ್ ಮಾರಾಟ ಇಲ್ಲ, ಎಲ್ಲ ಮೊದಲೇ. 1,200 ಟಿಕೆಟ್ ಮುಗಿದ ಮೇಲೆ ಯಾರ ಮಗ ಬಂದರೂ ಇಲ್ಲ.

ಇಷ್ಟೆಲ್ಲ ಆಗಿ ಅನುಮತಿ ಸಿಗಬಹುದು ಅನ್ನುವಷ್ಟರಲ್ಲಿ ಇನ್ನೊಂದು ಅಡ್ಡಿ. ನಾವು ಗೊತ್ತು ಮಾಡಿದ್ದು ಫೆಬ್ರವರಿ ಕೊನೆಯ ಶನಿವಾರ. ಲೇಔಟ್‌ನ ನಿವಾಸಿಗಳ ಸಂಘದವರು ಠಾಣೆಗೆ ಹೋಗಿ ಆಕ್ಷೇಪ ಬರೆದುಕೊಟ್ಟರು. ದ್ವಿತೀಯ ಪಿಯು ಪರೀಕ್ಷೆ ಅದೇ ಹೊತ್ತಿಗೆ. ಮನೆಮನೆಯಲ್ಲೂ ಓದುವ ಮಕ್ಕಳು. ಅವರ ಮಾತು ನ್ಯಾಯವಾಗಿತ್ತು. ಎರಡು ವರ್ಷ, ಮೂರು ವರ್ಷದ ಹಿಂದೆ ನಾವೂ ಅದೇ ಪರೀಕ್ಷೆ ಬರೆದವರು. ವಾದ ಮಾಡಲು ಹೋಗಲಿಲ್ಲ. ಸಂಘದ ಅಧ್ಯಕ್ಷರ ಮನೆಗೆ ಹೋದೆವು. ಅವರ ಮನೆಯವರು ಕಾಫಿ ಕೊಟ್ಟರು. ದಿನಾಂಕವನ್ನು ಸುಮಾರು ಮೂರು ವಾರ ಹಿಂದಕ್ಕೆ ತರುತ್ತೇವೆ, ರಾತ್ರಿ ಒಂಬತ್ತೂವರೆಗೆ ಪೂರ್ತಿ ನಿಲ್ಲಿಸುತ್ತೇವೆ, ವೇದಿಕೆಯ ಮುಖವನ್ನು ಮನೆಗಳ ಕಡೆ ಬಿಟ್ಟು ಹೊಲದ ಕಡೆ ತಿರುಗಿಸುತ್ತೇವೆ ಎಂದು ಬರೆದುಕೊಟ್ಟೆವು. ಆಕ್ಷೇಪ ವಾಪಸ್ ಪಡೆದರು. ಅಧ್ಯಕ್ಷರು ಕಾರ್ಯಕ್ರಮಕ್ಕೂ ಬಂದಿದ್ದರು, ಮೊಮ್ಮಗಳ ಜೊತೆ.

ಕಾನೂನಿನಲ್ಲಿ ಬಯಲಲ್ಲಿ ಧ್ವನಿವರ್ಧಕಕ್ಕೆ ರಾತ್ರಿ ಹತ್ತರವರೆಗೆ ಸಮಯ ಇದೆ. ಆದರೂ ಹತ್ತು ಅಂತ ಬರೆದುಕೊಳ್ಳಬೇಡಿ. ಸಂಗೀತ ಕಾರ್ಯಕ್ರಮ ಹೇಳಿದ ಹೊತ್ತಿಗೆ ಮುಗಿಯುವುದು ಕಷ್ಟ. ಒಂಬತ್ತೂವರೆ ಅಂದರೆ ಅರ್ಧ ಗಂಟೆ ಕೈಯಲ್ಲಿರುತ್ತದೆ. ನಾವು ಸಂಜೆ ನಾಲ್ಕೂವರೆಗೆ ಶುರು ಎಂದು ಇಟ್ಟುಕೊಂಡೆವು. ಐದು ತಂಡಕ್ಕೆ ನಲವತ್ತು ನಿಮಿಷದಂತೆ, ನಡುವೆ ವಾದ್ಯ ಬದಲಿಸಲು ಇಪ್ಪತ್ತು ನಿಮಿಷದಂತೆ ಲೆಕ್ಕ ಹಾಕಿದರೆ ಒಂಬತ್ತು ಹತ್ತಕ್ಕೆ ಮುಗಿಯಬೇಕು.

ದಿನಾಂಕ ಹಿಂದಕ್ಕೆ ಬಂದಿದ್ದರಿಂದ ಉಳಿದ ಕೆಲಸಕ್ಕೆಲ್ಲ ಸಮಯ ಕಡಿಮೆಯಾಯಿತು. ಅಗ್ನಿಶಾಮಕ ಇಲಾಖೆಯ ಪತ್ರ, ಆಂಬುಲೆನ್ಸ್, ತಾತ್ಕಾಲಿಕ ಶೌಚಾಲಯ ಇವೆಲ್ಲ ಓಡಾಡಿದರೆ ಆಗುವ ಕೆಲಸ. ಅಗ್ನಿಶಾಮಕದವರು ಜನರೇಟರ್ ಮತ್ತು ಅಡುಗೆ ಸ್ಟಾಲ್‌ಗಳನ್ನು ಶಾಮಿಯಾನದಿಂದ ದೂರ ಇಡಿಸಿದರು, ಬೆಂಕಿ ಆರಿಸುವ ಸಿಲಿಂಡರ್ ಎಲ್ಲೆಲ್ಲಿ ಇಡಬೇಕು ಎಂದು ನಕ್ಷೆಯ ಮೇಲೆ ಗುರುತು ಹಾಕಿಕೊಟ್ಟರು. ನಮಗೆ ತಲೆ ಕೆಡಿಸಿದ್ದು ಹಾಡುಗಳ ಹಕ್ಕಿನ ವಿಷಯ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಾಲೇಜುಗಳಲ್ಲಿ ಇದರ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಇದೆ, ನಿಜ. ಆದರೆ ಅದು ಸಂಸ್ಥೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳೋ ಸಿಬ್ಬಂದಿಯೋ ಹಾಡಿದಾಗ, ಕೇಳುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿ ಇಂಥವರೇ ಆಗಿದ್ದಾಗ. ನಮ್ಮದು ಹೊರಗಿನ ಮೈದಾನ, ಹೊರಗಿನ ಬ್ಯಾಂಡು, ಟಿಕೆಟ್ ಬೇರೆ. ಆ ವಿನಾಯಿತಿ ನಮಗಿಲ್ಲ. ಬ್ಯಾಂಡ್‌ಗಳು ತಾವೇ ಬರೆದು ತಾವೇ ರಾಗ ಹಾಕಿದ ಹಾಡಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಹಕ್ಕನ್ನು ಬೇರೆ ಯಾರಿಗೂ ಬರೆದುಕೊಟ್ಟಿಲ್ಲ ತಾನೇ ಎಂದು ಮಾತ್ರ ಕೇಳಿಕೊಳ್ಳಿ. ಸಿನಿಮಾ ಹಾಡು ಹಾಡಿದರೆ ಸಾಹಿತ್ಯ ಮತ್ತು ಸಂಗೀತ ಸಂಯೋಜನೆಗೆ, ಬರೆದವರ ಮತ್ತು ರಾಗ ಹಾಕಿದವರ ಹಕ್ಕು ನೋಡಿಕೊಳ್ಳುವ ಸಂಸ್ಥೆಯಾದ ಐಪಿಆರ್‌ಎಸ್‌ನಿಂದ ಪರವಾನಗಿ ಬೇಕು. ತಂಡ ಬದಲಾಗುವ ಹೊತ್ತಿನಲ್ಲಿ ರೆಕಾರ್ಡ್ ಹಾಕಿದರೆ ಆ ಧ್ವನಿಮುದ್ರಣಕ್ಕೆ, ರೆಕಾರ್ಡ್ ಕಂಪನಿಗಳ ಹಕ್ಕು ನೋಡಿಕೊಳ್ಳುವ ಪಿಪಿಎಲ್‌ನಂಥವರ ಪರವಾನಗಿ ಬೇರೆಯೇ.

ಒಂದು ಬ್ಯಾಂಡ್ ಶಿಶುನಾಳ ಶರೀಫರ ತತ್ವಪದ ಹಾಡುವುದಾಗಿ ಹೇಳಿತ್ತು. ಶರೀಫರು ತೀರಿಕೊಂಡಿದ್ದು 1889ರಲ್ಲಿ. ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕು ಮುಗಿಯುತ್ತದೆ, ಹಾಗಾಗಿ ಪದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ನಾವೆಲ್ಲ ಕೇಳಿ ಬೆಳೆದ ಧಾಟಿಗಳಲ್ಲಿ ಎಷ್ಟೋ ಸಿ. ಅಶ್ವಥ್ ಅವರದ್ದು. ಅವರು ತೀರಿಕೊಂಡಿದ್ದು 2009ರಲ್ಲಿ, ಆ ರಾಗ ಸಂಯೋಜನೆಗೆ ಹಕ್ಕು ಇನ್ನೂ ಇದೆ. ಇದನ್ನು ಹೇಳಿದಾಗ ಆ ಹುಡುಗರು ಬೇಸರ ಮಾಡಿಕೊಳ್ಳಲಿಲ್ಲ. ತಮ್ಮದೇ ಧಾಟಿ ಕಟ್ಟಿದರು. ವಯೊಲಿನ್ ಮೇಲೆ ನಿಧಾನಕ್ಕೆ ಶುರುವಾಗಿ ಕೊನೆಗೆ ಡ್ರಮ್ಸ್ ಸೇರಿಕೊಳ್ಳುವ ಆ ಪದ ಅವತ್ತಿನ ಒಳ್ಳೆಯ ಹಾಡುಗಳಲ್ಲಿ ಒಂದು. ಉಳಿದ ತಂಡಗಳಿಗೂ ತಲಾ ಎರಡಕ್ಕಿಂತ ಹೆಚ್ಚು ಬೇರೆಯವರ ಹಾಡು ಬೇಡ ಎಂದೆವು, ಹಾಡಿನ ಪಟ್ಟಿ ಮೊದಲೇ ತರಿಸಿಕೊಂಡು ಐಪಿಆರ್‌ಎಸ್‌ಗೆ ಅರ್ಜಿ ಹಾಕಿದೆವು. ನಡುವೆ ರೆಕಾರ್ಡ್ ಹಾಕುವುದನ್ನು ಕೈಬಿಟ್ಟೆವು. ಆ ಇಪ್ಪತ್ತು ನಿಮಿಷ ನಮ್ಮ ಕನ್ನಡ ಎಂ.ಎ. ಓದುವ ಅಕ್ಕ ಒಬ್ಬರು ಮೈಕ್ ಹಿಡಿದು ಮುಂದಿನ ತಂಡದವರನ್ನು ಮಾತಾಡಿಸಿದರು. ಅದು ರೆಕಾರ್ಡ್‌ಗಿಂತ ಎಷ್ಟೋ ಚೆನ್ನಾಗಿತ್ತು.

ದುಡ್ಡಿನ ವಿಷಯ ಎಲ್ಲರೂ ಕೇಳುತ್ತಾರೆ. ಮುಚ್ಚಿಡುವುದೇನೂ ಇಲ್ಲ. ಸೌಂಡ್ ಮತ್ತು ಲೈಟಿಗೆ ₹1,10,000. ವೇದಿಕೆ, ಶಾಮಿಯಾನ, ಬ್ಯಾರಿಕೇಡ್‌ಗೆ ₹48,000. ನಾಲ್ಕು ಬ್ಯಾಂಡ್‌ಗೆ ತಲಾ ₹12,000, ಕಂಸಾಳೆ ತಂಡದಲ್ಲಿ ಜನ ಜಾಸ್ತಿ, ದೂರದಿಂದ ಬರಬೇಕು, ಅವರಿಗೆ ₹18,000. ಎರಡು ಜನರೇಟರ್, ಡೀಸೆಲ್ ಸೇರಿ ₹27,000. ಮೈದಾನದ ಬಾಡಿಗೆ ₹20,000. ಊಟ, ನೀರು ₹17,000. ರಾತ್ರಿ ಹಾಸ್ಟೆಲ್‌ಗಳಿಗೆ ಬಿಡಲು ಬಸ್ಸು ₹16,000. ಸೆಕ್ಯೂರಿಟಿಯವರಿಗೆ ₹14,000. ಶೌಚಾಲಯಕ್ಕೆ ₹12,000. ಆಂಬುಲೆನ್ಸ್ ₹4,000. ಪರವಾನಗಿ, ಸ್ಟಾಂಪ್, ಜೆರಾಕ್ಸ್, ಪೆಟ್ರೋಲ್ ಎಲ್ಲ ಸೇರಿ ₹13,000. ಒಟ್ಟು ₹3,47,000.

ಬಂದಿದ್ದು: ಟಿಕೆಟ್ ₹150ರಂತೆ 1,200, ಅಂದರೆ ₹1,80,000. ವಿದ್ಯಾರ್ಥಿ ಸಂಘದ ನಿಧಿಯಿಂದ ₹80,000. ವಾದ್ಯದ ಅಂಗಡಿ, ಸ್ವೀಟ್ ಅಂಗಡಿ, ಕೋಚಿಂಗ್ ಸೆಂಟರ್ ಹೀಗೆ ಊರಿನ ಅಂಗಡಿಗಳಿಂದ ₹70,000. ತಿಂಡಿ ಸ್ಟಾಲ್ ಎಂಟು, ತಲಾ ₹3,000. ಸಂಗೀತ ಕಾರ್ಯಕ್ರಮದ ಪ್ರವೇಶಕ್ಕೆ ತಲಾ ₹500ರವರೆಗೆ ಜಿಎಸ್‌ಟಿ ವಿನಾಯಿತಿ ಇದೆ ಎಂದು ಮೇಷ್ಟ್ರು ಹೇಳಿದ್ದರಿಂದ ಟಿಕೆಟ್ಟಿನ ಮೇಲೆ ತೆರಿಗೆಯ ಚಿಂತೆ ಇರಲಿಲ್ಲ. ಪ್ರಾಯೋಜಕರ ಹಣದ ಲೆಕ್ಕವೇ ಬೇರೆ, ಅದನ್ನು ಕಾಲೇಜಿನ ಆಡಿಟರ್ ಹತ್ತಿರ ಕೇಳಿ ಕಾಲೇಜಿನ ಖಾತೆಗೇ ಹಾಕಿಸಿದೆವು. ಯಾರ ಸ್ವಂತ ಖಾತೆಗೂ ಒಂದು ರೂಪಾಯಿ ತರಿಸಿಕೊಳ್ಳಬೇಡಿ. ಸ್ನೇಹ ಕೆಡುವುದು ಅಲ್ಲೇ.

ಪ್ರಾಯೋಜಕರನ್ನು ಹುಡುಕುವಾಗ ಬೇಸರವಾಗಿದ್ದು ಒಂದೇ ಮಾತಿಗೆ. "ಯಾರು ಬರ್ತಿದ್ದಾರೆ?" ಎಂದು ಕೇಳುತ್ತಿದ್ದರು. ನಮ್ಮೂರ ಹುಡುಗರು ಅಂದರೆ ಮುಖ ತಿರುಗಿಸುತ್ತಿದ್ದರು. ಒಂದು ದೊಡ್ಡ ಶೋರೂಮಿನವರು ಎರಡು ಗಂಟೆ ಹೊರಗೆ ಕೂರಿಸಿ, ಸಿನಿಮಾದವರನ್ನು ಕರೆಸಿದರೆ ನೋಡೋಣ ಎಂದು ಕಳಿಸಿದರು. ದುಡ್ಡು ಕೊಟ್ಟವರೆಲ್ಲ ಸಣ್ಣ ಅಂಗಡಿಯವರು. ವಾದ್ಯದ ಅಂಗಡಿಯ ಅಣ್ಣ ದುಡ್ಡಿನ ಜೊತೆ ಒಂದು ಡ್ರಮ್ ಸೆಟ್ಟನ್ನೂ ಕಳಿಸಿಕೊಟ್ಟರು.

ಬ್ಯಾಂಡ್‌ಗಳ ಜೊತೆ ಮಾತು ಬಾಯಲ್ಲೇ ಮುಗಿಸಬೇಡಿ. ಒಂದು ಪುಟದ ಪತ್ರ ಸಾಕು: ಎಷ್ಟು ಹೊತ್ತು, ಎಷ್ಟು ದುಡ್ಡು, ಯಾವಾಗ ಕೊಡುತ್ತೇವೆ, ಕಾರ್ಯಕ್ರಮ ನಿಂತರೆ ಏನು. ಮೂರನೇ ಒಂದು ಭಾಗ ಮುಂಗಡ ಕೊಟ್ಟೆವು. ಒಬ್ಬ ಬೇಸ್ ಗಿಟಾರ್ ಹುಡುಗ ಮುಂಗಡ ಬಂದ ಮೆಸೇಜ್ ನೋಡಿ, ಹಾಡಿದ್ದಕ್ಕೆ ಹಾಡುವ ಮುಂಚೆಯೇ ದುಡ್ಡು ಬಂದಿದ್ದು ಇದೇ ಮೊದಲು ಎಂದು ಫೋನ್ ಮಾಡಿದ. ಜೊತೆಗೆ ಪ್ರತಿ ತಂಡದಿಂದ ಎರಡು ಕಾಗದ ತರಿಸಿಕೊಳ್ಳಿ. ವೇದಿಕೆಯ ಮೇಲೆ ಯಾರು ಎಲ್ಲಿ ನಿಲ್ಲುತ್ತಾರೆ ಎಂಬ ಚಿತ್ರ, ಮತ್ತು ಯಾವ ವಾದ್ಯಕ್ಕೆ ಎಷ್ಟು ಮೈಕು, ಎಷ್ಟು ವೈರು ಎಂಬ ಪಟ್ಟಿ. ಸೌಂಡ್‌ನವರಿಗೆ ಇದು ಮೊದಲೇ ಸಿಕ್ಕರೆ ಅವತ್ತಿನ ಅರ್ಧ ಗಲಾಟೆ ಇರುವುದಿಲ್ಲ. ಡ್ರಮ್ ಸೆಟ್ಟು, ಬೇಸ್ ಆಂಪ್ಲಿಫೈಯರ್ ಎಲ್ಲರಿಗೂ ಒಂದೇ. ಸ್ನೇರ್, ಸಿಂಬಲ್, ಪೆಡಲ್ ಮಾತ್ರ ಅವರವರೇ ತಂದುಕೊಂಡರು.

ಕಾರ್ಯಕ್ರಮದ ದಿನ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿದ್ದೆವು. ಧೂಳು ಏಳಬಾರದೆಂದು ಟ್ಯಾಂಕರ್ ನೀರು ಹೊಡೆಸಿದೆವು. ಹತ್ತು ಗಂಟೆಗೆ ಸೌಂಡ್ ಚೆಕ್ ಶುರು. ಕೊನೆಗೆ ಹಾಡುವ ತಂಡದ ಚೆಕ್ ಮೊದಲು, ಮೊದಲು ಹಾಡುವ ತಂಡದ್ದು ಕೊನೆಗೆ. ಹಾಗೆ ಮಾಡಿದರೆ ಶುರುವಾಗುವ ಹೊತ್ತಿಗೆ ಮೊದಲ ತಂಡದ ವಾದ್ಯಗಳು ಇದ್ದಲ್ಲೇ ಇರುತ್ತವೆ.

ಮೊದಲನೇ ಹಾಡಿಗೇ ಗಿಟಾರ್ ಹಿಡಿದಿದ್ದ ಹುಡುಗಿ ಮೈಕಿನಿಂದ ಥಟ್ಟನೆ ಹಿಂದೆ ಸರಿದಳು. "ಅಕ್ಕ, ಮೈಕ್ ತುಟಿಗೆ ಶಾಕ್ ಹೊಡೀತಿದೆ" ಅಂದಳು. ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು ಬೇರೆ. ನನ್ನ ಎದೆ ಧಸಕ್ಕೆಂದಿತು. ಸೌಂಡಿನ ಅಣ್ಣ ತಕ್ಷಣ ಎಲ್ಲರನ್ನೂ ವೇದಿಕೆಯಿಂದ ಇಳಿಸಿ ಪವರ್ ತೆಗೆಸಿದರು. ಜನರೇಟರ್ ಹತ್ತಿರ ಹೋಗಿ ಅರ್ಥಿಂಗ್ ಸಲಾಕೆ ನೋಡಿದರು. ನೆಟ್ಟಿದ್ದೇನೋ ನೆಟ್ಟಿದ್ದರು, ಆದರೆ ಫೆಬ್ರವರಿಯ ಮಣ್ಣು ಒಣಗಿ ಗಟ್ಟಿಯಾಗಿತ್ತು. ಒಣ ಮಣ್ಣಿನಲ್ಲಿ ಕರೆಂಟ್ ಭೂಮಿಗೆ ಸರಿಯಾಗಿ ಇಳಿಯುವುದಿಲ್ಲ. ಅದರ ಮೇಲೆ ಗಿಟಾರಿನ ಆಂಪ್ಲಿಫೈಯರನ್ನು ಯಾರೋ ಲೈಟಿನ ಜನರೇಟರಿನ ಬೋರ್ಡಿಗೆ ಚುಚ್ಚಿದ್ದರು. ಗಿಟಾರ್ ಒಂದು ಕಡೆಯ ಅರ್ಥಿಂಗ್, ಮೈಕ್ ಇನ್ನೊಂದು ಕಡೆಯದ್ದು. ತಂತಿ ಹಿಡಿದ ಕೈಗೂ ಮೈಕ್ ಮುಟ್ಟಿದ ತುಟಿಗೂ ನಡುವೆ ಕರೆಂಟ್ ಹರಿಯುತ್ತಿತ್ತು. ಸಲಾಕೆಯ ಸುತ್ತ ಗುಂಡಿ ತೋಡಿ, ಕಲ್ಲುಪ್ಪು ಸುರಿದು, ಕೊಡಗಟ್ಟಲೆ ನೀರು ಹಾಕಿದರು. ಪಕ್ಕದಲ್ಲಿ ಇನ್ನೊಂದು ಸಲಾಕೆ ಹೊಡೆದರು. ವೇದಿಕೆಯ ಮೇಲಿನ ವಾದ್ಯ, ಮೈಕ್, ಮಿಕ್ಸರ್ ಎಲ್ಲವನ್ನೂ ಸೌಂಡಿನ ಜನರೇಟರಿಗೇ ತಂದರು. ಮಲ್ಟಿಮೀಟರಿನ ಒಂದು ತುದಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಇಟ್ಟು, ಮುಳ್ಳು ಅಲ್ಲಾಡದಿರುವುದನ್ನು ನನಗೆ ತೋರಿಸಿದ ಮೇಲೆಯೇ ಆ ಹುಡುಗಿಯನ್ನು ಮತ್ತೆ ಹತ್ತಿಸಿದ್ದು. ಸೌಂಡಿಗೆ ದುಡ್ಡು ಕಡಿಮೆ ಮಾಡಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಆ ದುಡ್ಡಿನಲ್ಲಿ ಸ್ಪೀಕರ್ ಮಾತ್ರ ಬರುವುದಿಲ್ಲ, ಇದನ್ನು ನೋಡಿ ಅರ್ಥ ಮಾಡಿಕೊಳ್ಳುವ ಮನುಷ್ಯ ಬರುತ್ತಾರೆ. ಸೌಂಡ್ ಚೆಕ್ ಬೆಳಿಗ್ಗೆಯೇ ಇಟ್ಟುಕೊಳ್ಳಿ ಅನ್ನುವುದೂ ಇದಕ್ಕೇ.

ಇದರಿಂದ ಎರಡು ಗಂಟೆ ಹೋಯಿತು. ಕಂಸಾಳೆಯವರು ಚಾಮರಾಜನಗರದ ಕಡೆಯಿಂದ ಟೆಂಪೋದಲ್ಲಿ ಬಂದು ಇಳಿದಾಗ ನಾವು ಇನ್ನೂ ಎರಡನೇ ತಂಡದ ಚೆಕ್‌ನಲ್ಲಿದ್ದೆವು. ಅವರ ಮುಖ್ಯಸ್ಥರು ಹಿರಿಯರು. ಎಲ್ಲರಿಗೂ ಕಾಲರ್ ಮೈಕ್ ಹಾಕೋಣವೇ ಎಂದು ಕೇಳಿದೆ. "ಬ್ಯಾಡ ಕಣವ್ವ. ನಾವು ಕುಣಿಯೋರು, ನಿಂತ್ಕಂಡು ಹಾಡೋರಲ್ಲ" ಅಂದರು. ಬೀಸು ಕಂಸಾಳೆಯಲ್ಲಿ ಕೈ ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ಎಲ್ಲೆಲ್ಲೋ ಹೋಗುತ್ತದೆ. ಕಂಚಿನ ತಾಳದ ಸದ್ದು ಮೈಕಿನ ಹತ್ತಿರ ಬಂದರೆ ಕಿವಿ ಸೀಳುತ್ತದೆ. ಸೌಂಡಿನ ಅಣ್ಣ ಅವರ ಕುಣಿತವನ್ನು ಒಮ್ಮೆ ಪೂರ್ತಿ ನೋಡಿದರು. ಆಮೇಲೆ ವೇದಿಕೆಯ ಮುಂಭಾಗದಲ್ಲಿ ಎತ್ತರಕ್ಕೆ ಎರಡು ಮೈಕ್ ತೂಗುಹಾಕಿ, ಮಾದಪ್ಪನ ಪದ ಹೇಳುವವರಿಗೆ ಮಾತ್ರ ಒಂದು ಮೈಕ್ ಕೊಟ್ಟರು. ಸಂಜೆ ಏಳರ ಹೊತ್ತಿಗೆ ಅವರು ವೇದಿಕೆಗೆ ಬಂದಾಗ, ಅದುವರೆಗೆ ಮೊಬೈಲ್ ಹಿಡಿದು ನಿಂತಿದ್ದವರೆಲ್ಲ ಮುಂದಕ್ಕೆ ಬಂದು ಚಪ್ಪಾಳೆಯಲ್ಲೇ ತಾಳ ಹಿಡಿದರು. ಅವರ ಹಿಂದೆಯೇ ಹಾಡಬೇಕಿದ್ದ ಮಂಡ್ಯದ ರ‍್ಯಾಪ್ ಹುಡುಗರು ವೇದಿಕೆಯ ಪಕ್ಕ ನಿಂತು ನೋಡುತ್ತಿದ್ದರು. ಅವರಲ್ಲೊಬ್ಬ ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡಿ, ನಿಮ್ಮ ಕೊನೆಯ ತಾಳ ನಿಲ್ಲಿಸಬೇಡಿ, ನಾವು ಅದರ ಮೇಲೆಯೇ ಶುರು ಮಾಡುತ್ತೇವೆ ಎಂದು ಕೇಳಿಕೊಂಡಿದ್ದನಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಂಸಾಳೆ ನಡೆಯುತ್ತಿದ್ದಂತೆಯೇ ಆ ಹುಡುಗರು ಮೈಕ್ ಹಿಡಿದು ಬಂದು ಅದೇ ತಾಳಕ್ಕೆ ಮಂಡ್ಯದ ಮಾತಿನಲ್ಲಿ ಶುರು ಹಚ್ಚಿಕೊಂಡರು. ನಾನು ಗೇಟಿನ ಹತ್ತಿರ ವಾಕಿಟಾಕಿ ಹಿಡಿದು ನಿಂತಿದ್ದೆ. ಕಣ್ಣು ತುಂಬಿ ಬಂತು.

ಗೇಟಿನಲ್ಲಿ ಒಂದು ಸಲ ಒತ್ತಡ ಆಯಿತು. ಆರೂವರೆ ಸುಮಾರಿಗೆ ಟಿಕೆಟ್ ಇಲ್ಲದ ಒಂದಷ್ಟು ಹುಡುಗರು ಗುಂಪಾಗಿ ಬಂದು ತಳ್ಳತೊಡಗಿದರು. ಬಂದೋಬಸ್ತಿಗೆ ಬಂದಿದ್ದ ಇಬ್ಬರು ಕಾನ್‌ಸ್ಟೇಬಲ್‌ಗಳು ಮತ್ತು ನಮ್ಮ ಎನ್‌ಸಿಸಿಯ ಹುಡುಗರು ಬ್ಯಾರಿಕೇಡನ್ನು ಅಂಕುಡೊಂಕಾಗಿ ಜೋಡಿಸಿದ್ದರಿಂದ ನೇರವಾಗಿ ನುಗ್ಗಲು ಆಗಲಿಲ್ಲ. ಗೇಟಿನ ಹೊರಗೇ ಒಂದು ಸಣ್ಣ ಸ್ಪೀಕರ್ ಇಟ್ಟಿದ್ದೆವು. ಟಿಕೆಟ್ ಮುಗಿದಿದೆ, ಇಲ್ಲಿ ನಿಂತೇ ಹಾಡು ಕೇಳಬಹುದು ಎಂದು ಅದರಲ್ಲಿ ಹೇಳಿಸಿದೆವು. ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಯಿತು. ಹೆಣ್ಣುಮಕ್ಕಳಿಗೆ ವೇದಿಕೆಯ ಎಡಕ್ಕೆ ಬ್ಯಾರಿಕೇಡ್ ಹಾಕಿದ ಜಾಗ, ಶೌಚಾಲಯದ ದಾರಿಗೆ ಪೂರ್ತಿ ಲೈಟು, ಅಲ್ಲಿ ನಮ್ಮ ಹುಡುಗಿಯರೇ ಕಾವಲು. ಇದನ್ನು ಕೊನೆಯ ಗಳಿಗೆಗೆ ಬಿಡಬೇಡಿ. ಹಾಸ್ಟೆಲ್ ವಾರ್ಡನ್‌ಗಳು ಹುಡುಗಿಯರನ್ನು ಕಳಿಸಲು ಒಪ್ಪಿದ್ದೇ ಇದನ್ನೂ ಬಸ್ಸಿನ ನಂಬರನ್ನೂ ಬರೆದು ಕೊಟ್ಟ ಮೇಲೆ.

ಕೊನೆಯ ಹಾಡು ಮುಗಿದಾಗ ಒಂಬತ್ತು ಇಪ್ಪತ್ತೈದು. ಇನ್ನೊಂದು, ಇನ್ನೊಂದು ಎಂದು ಜನ ಕೂಗುತ್ತಿದ್ದರು. ಬ್ಯಾಂಡಿನವರು ನಮ್ಮ ಕಡೆ ನೋಡಿದರು. ಇಲ್ಲ ಎಂದು ಕೈ ಮಾಡಿದೆವು. ಲೇಔಟ್‌ನವರಿಗೆ ಕೊಟ್ಟ ಮಾತು ಅದು. ಗಿಟಾರ್ ಹುಡುಗಿ ಮೈಕ್ ಇಲ್ಲದೆ ಜನರಿಗೆ ಕೈಮುಗಿದಳು, ಲೈಟ್ ಹಾಕಿಸಿದೆವು. ಎರಡನೇ ಗೇಟಿನಿಂದ ಮೈದಾನ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ತಂಡಗಳಿಗೆ ಬಾಕಿ ದುಡ್ಡನ್ನು ಅವರು ಊರು ಬಿಡುವ ಮೊದಲೇ ಕೊಟ್ಟು ರಸೀದಿಗೆ ಸಹಿ ಹಾಕಿಸಿಕೊಂಡೆವು. ಕಾಲೇಜಿನ ಖಾತೆಯಿಂದ ರಾತ್ರಿ ಹಣ ಕಳಿಸಲು ಆಗುವುದಿಲ್ಲವಾದ್ದರಿಂದ ಮೇಷ್ಟ್ರು ಹಿಂದಿನ ದಿನವೇ ಚೆಕ್ ಬರೆಸಿಟ್ಟಿದ್ದರು. ಕಂಸಾಳೆಯವರು ಚೆಕ್ ಬೇಡ ಎಂದು ಮೊದಲೇ ಹೇಳಿದ್ದರು, ಅವರಿಗೆ ನಗದು. ಮರುದಿನ ಮೈದಾನ ಗುಡಿಸಲು ಎಲ್ಲರೂ ಬಂದರು. ಆದರೂ ಡೆಪಾಸಿಟ್ ವಾಪಸ್ ಬರುವುದಕ್ಕೆ ತಿಂಗಳು ಹಿಡಿಯಿತು. ಕಾಂಪೌಂಡ್ ಬಿರುಕು ಬಿಟ್ಟಿದೆ, ಅದು ನಿಮ್ಮಿಂದಲೇ ಎಂದು ಟ್ರಸ್ಟ್‌ನ ಮ್ಯಾನೇಜರ್ ಪಟ್ಟು ಹಿಡಿದರು. ಬಾಡಿಗೆ ಕಟ್ಟಿದ ದಿನವೇ ನಾವು ನಾ‌ಲ್ಕೂ ಕಡೆಯ ಗೋಡೆಯ ವಿಡಿಯೊ ಮಾಡಿಟ್ಟುಕೊಂಡಿದ್ದೆವು, ಬಿರುಕು ಅದರಲ್ಲೂ ಇತ್ತು. ಅದನ್ನು ತೋರಿಸಿದ ಮೇಲೆ ಪೂರ್ತಿ ₹15,000 ಬಂತು. ನೀವೂ ವಿಡಿಯೊ ಮಾಡಿಕೊಳ್ಳಿ, ದಿನಾಂಕ ಕಾಣುವ ಹಾಗೆ.

ಎಲ್ಲ ಕಳೆದು ಸಂಘದ ಖಾತೆಯಲ್ಲಿ ₹7,000 ಉಳಿದಿದೆ, ಮುಂದಿನ ವರ್ಷದವರ ಮುಂಗಡಕ್ಕೆ. ಅರ್ಜಿಗಳು, ನಕ್ಷೆ, ಮುಚ್ಚಳಿಕೆ, ಬ್ಯಾಂಡ್‌ಗಳ ಪತ್ರ, ಬಿಲ್ಲುಗಳು ಎಲ್ಲವನ್ನೂ ಒಂದು ಫೈಲಿಗೆ ಹಾಕಿ ಎರಡನೇ ವರ್ಷದ ಮಕ್ಕಳ ಕೈಗೆ ಕೊಟ್ಟಿದ್ದೇವೆ. ಅವರಿಗೆ ಈಗಲೇ ಹೇಳಿರುವುದು ಒಂದೇ: ದ್ವಿತೀಯ ಪಿಯು ವೇಳಾಪಟ್ಟಿ ನೋಡಿಕೊಂಡು ದಿನಾಂಕ ಗೊತ್ತು ಮಾಡಿ, ಅದೇ ದಿನ ಸೌಂಡಿನ ಅಣ್ಣನಿಗೆ ಫೋನ್ ಮಾಡಿ. ಮದುವೆ ಸೀಸನ್‌ನಲ್ಲಿ ಅವರು ಸಿಗುವುದಿಲ್ಲ.